ಪಿಷ್ಟದ ಕಣಗಳಲ್ಲಿ ಬಣ್ಣ: ಆಟೋಕ್ರೋಮ್ ಫಲಕಗಳು ಮತ್ತು ಹವ್ಯಾಸಿ ಛಾಯಾಗ್ರಾಹಕರು

ಛಾಯಾಗ್ರಹಣದ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಕಪ್ಪು ಬಿಳುಪಿನ ಚರಿತ್ರೆಯನ್ನೇ ಬರೆದಿದ್ದಾರೆ. ಇಪ್ಪತ್ತನೆಯ ಶತಮಾನದ ಮೊದಲ ಮೂರು ದಶಕಗಳು ಇಂದಿನವರ ಕಲ್ಪನೆಯಲ್ಲಿ ಬೂದು ಬಣ್ಣದ ಕಾಲವಾಗಿ ಉಳಿದಿರುವುದಕ್ಕೆ ಇದೂ ಒಂದು ಕಾರಣ. ಆದರೆ ಅದೇ ಅವಧಿಯಲ್ಲಿ ಎಂಜಿನಿಯರರು, ಲೇಖಕರು, ಗೃಹಿಣಿಯರು, ಶ್ರೀಮಂತ ಮನೆತನದ ಯುವಕರು ಗಾಜಿನ ಫಲಕಗಳ ಮೇಲೆ ಹೂದೋಟಗಳನ್ನೂ ಮನೆಯವರನ್ನೂ ಬಣ್ಣದಲ್ಲಿಯೇ ಸೆರೆಹಿಡಿಯುತ್ತಿದ್ದರು. ಆಟೋಕ್ರೋಮ್ ಎಂಬ ಹೆಸರಿನ ಈ ಫಲಕಗಳು ಮೊದಲ ಬಾರಿಗೆ ವರ್ಣಛಾಯಾಗ್ರಹಣವನ್ನು ಪ್ರಯೋಗಶಾಲೆಯಿಂದ ಹವ್ಯಾಸಿಗಳ ಕೈಗೆ ತಂದವು. ಹಾಗೆ ಉಳಿದುಬಂದ ಬಣ್ಣವನ್ನು ಚರಿತ್ರೆಯ ಆಕರವಾಗಿ ಎಷ್ಟರಮಟ್ಟಿಗೆ ನಂಬಬಹುದು ಎಂಬ ಪ್ರಶ್ನೆಗೆ ಸಂಶೋಧಕರಿಂದ ಇನ್ನೂ ಸಾಕಷ್ಟು ಗಮನ ಸಂದಿಲ್ಲ. ಪ್ರಸ್ತುತ ಲೇಖನದ ಉದ್ದೇಶ ಆ ಪ್ರಶ್ನೆಯನ್ನು ಕೆಲವು ನಿದರ್ಶನಗಳ ಮೂಲಕ ಪರಿಶೀಲಿಸುವುದಾಗಿದೆ.

ಬಣ್ಣದ ಛಾಯಾಚಿತ್ರದ ಮೂಲತತ್ತ್ವ ಆಟೋಕ್ರೋಮ್‌ಗಿಂತ ಅರ್ಧ ಶತಮಾನ ಹಳೆಯದು. 1861ರ ಮೇ 17ರಂದು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಅವರು ಒಂದು ಬಣ್ಣಬಣ್ಣದ ರಿಬ್ಬನ್ನಿನ ಚಿತ್ರವನ್ನು ತೆರೆಯ ಮೇಲೆ ತೋರಿಸಿದರು. ಥಾಮಸ್ ಸಟನ್ ಅವರು ಕೆಂಪು, ಹಸಿರು, ನೀಲಿ ದ್ರಾವಣಗಳ ಮೂಲಕ ಬೇರೆ ಬೇರೆಯಾಗಿ ತೆಗೆದಿದ್ದ ಚಿತ್ರಗಳನ್ನು ಅದೇ ಬಣ್ಣಗಳ ಬೆಳಕಿನಿಂದ ಒಂದರ ಮೇಲೊಂದು ಬೀಳುವಂತೆ ಮಾಡಿದಾಗ ರಿಬ್ಬನ್ನಿನ ಬಣ್ಣಗಳು ಕಾಣಿಸಿಕೊಂಡವು. ಈ ಪ್ರಸಂಗದಲ್ಲಿ ಒಂದು ವಿಚಿತ್ರವಿದೆ. ಆ ಕಾಲದ ಲೇಪಕ್ಕೆ ಕೆಂಪು ಬೆಳಕನ್ನು ಗ್ರಹಿಸುವ ಶಕ್ತಿಯೇ ಇರಲಿಲ್ಲ. ಆದ್ದರಿಂದ ಪ್ರಯೋಗ ವಿಫಲವಾಗಬೇಕಾಗಿತ್ತು. ಸರಿಯಾಗಿ ನೂರು ವರ್ಷಗಳ ನಂತರ, 1961ರಲ್ಲಿ, ಕೊಡಾಕ್ ಸಂಸ್ಥೆಯ ರಾಲ್ಫ್ ಇವಾನ್ಸ್ ಅವರು ಇದನ್ನು ಬಿಡಿಸಿ ತೋರಿಸಿದರು. ರಿಬ್ಬನ್ನಿನ ಕೆಂಪು ಭಾಗ ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳನ್ನೂ ಪ್ರತಿಫಲಿಸುತ್ತಿತ್ತು; ಕೆಂಪು ದ್ರಾವಣ ಆ ಕಿರಣಗಳನ್ನು ತಡೆಯಲಿಲ್ಲ; ಫಲಕ ಗ್ರಹಿಸಿದ್ದು ಅವುಗಳನ್ನು. ಜಗತ್ತಿನ ಮೊದಲ ವರ್ಣಛಾಯಾಚಿತ್ರದ ಕೆಂಪು ಕೆಂಪೇ ಆಗಿರಲಿಲ್ಲ. ಬಣ್ಣದ ಚಿತ್ರವನ್ನು ಸಾಕ್ಷ್ಯವೆಂದು ಎತ್ತಿಕೊಳ್ಳುವ ಸಂಶೋಧಕರು ಮೊದಲು ನೆನಪಿಡಬೇಕಾದ ಸಂಗತಿ ಇದು.

ಮ್ಯಾಕ್ಸ್‌ವೆಲ್ ಅವರ ನಂತರ ಈ ದಾರಿಯಲ್ಲಿ ನಡೆದವರಲ್ಲಿ ಹಲವರು ವೃತ್ತಿಯಿಂದ ಛಾಯಾಗ್ರಾಹಕರಲ್ಲ. ಫ್ರಾನ್ಸಿನ ಲೂಯಿ ದ್ಯುಕೋ ದ್ಯು ಓರೋನ್ ಅವರು ಆಜೆನ್ ಪಟ್ಟಣದಲ್ಲಿ ಕುಳಿತು, 1868ರಲ್ಲಿ ವರ್ಣಮುದ್ರಣದ ಬಗೆಗಳಿಗೆ ಹಕ್ಕುಪತ್ರ ಪಡೆದರು. 1869ರಲ್ಲಿ ಕವಿ ಶಾರ್ಲ್ ಕ್ರೋ ಅವರೂ ಸ್ವತಂತ್ರವಾಗಿ ಅದೇ ವಿಚಾರವನ್ನು ಪ್ರಕಟಿಸಿದರು. 1873ರಲ್ಲಿ ಹರ್ಮನ್ ಫೋಗೆಲ್ ಅವರು ಲೇಪಕ್ಕೆ ವರ್ಣದ್ರವ್ಯ ಬೆರೆಸಿದರೆ ಅದು ನೀಲಿಯಾಚೆಯ ಬಣ್ಣಗಳಿಗೂ ಸ್ಪಂದಿಸುತ್ತದೆಂದು ಕಂಡುಕೊಂಡ ಮೇಲೆಯೇ ಈ ಕಲ್ಪನೆಗಳು ಕಾರ್ಯಸಾಧ್ಯವಾದವು.

ಚಲನಚಿತ್ರದ ಜನಕರೆಂದು ಖ್ಯಾತರಾದ ಲಿಯೋನ್ ನಗರದ ಒಗ್ಯುಸ್ತ್ ಮತ್ತು ಲೂಯಿ ಲೂಮಿಯೇರ್ ಸಹೋದರರು 1903ರ ಡಿಸೆಂಬರಿನಲ್ಲಿ ಆಟೋಕ್ರೋಮ್‌ಗೆ ಹಕ್ಕುಪತ್ರ ಪಡೆದರು. 1904ರ ಮೇ ತಿಂಗಳಲ್ಲಿ ಫ್ರಾನ್ಸಿನ ವಿಜ್ಞಾನ ಅಕಾಡೆಮಿಗೆ ಅದನ್ನು ವಿವರಿಸಿದರು. ಅವರು ಆರಿಸಿಕೊಂಡ ಸಾಮಗ್ರಿ ಆಲೂಗಡ್ಡೆಯ ಪಿಷ್ಟ. ಒಂದು ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು ಗಾತ್ರದ ಕಣಗಳನ್ನು ಮಾತ್ರ ಬೇರ್ಪಡಿಸಿ, ಮೂರು ಪಾಲು ಮಾಡಿ, ಒಂದಕ್ಕೆ ಕಿತ್ತಳೆಗೆಂಪು, ಇನ್ನೊಂದಕ್ಕೆ ಹಸಿರು, ಮತ್ತೊಂದಕ್ಕೆ ನೀಲಿನೇರಳೆ ಬಣ್ಣ ಕಟ್ಟಲಾಗುತ್ತಿತ್ತು. ಮೂರನ್ನೂ ಬೆರೆಸಿದ ಪುಡಿಯನ್ನು ಅಂಟು ಸವರಿದ ಗಾಜಿನ ಮೇಲೆ ಒಂದೇ ಪದರವಾಗಿ ಹರಡಿ, ಕಣಗಳ ನಡುವಣ ಸಂದುಗಳನ್ನು ಇದ್ದಿಲಿನ ನುಣುಪಾದ ಮಸಿಯಿಂದ ಮುಚ್ಚಿ, ಭಾರೀ ಒತ್ತಡದಲ್ಲಿ ಚಪ್ಪಟೆ ಮಾಡಿ, ಮೇಲೆ ಬೆಳ್ಳಿಯ ಲವಣದ ಲೇಪವನ್ನು ಕೊಡಲಾಗುತ್ತಿತ್ತು. ಒಂದು ಚದರ ಅಂಗುಲದಲ್ಲಿ ಸುಮಾರು 40 ಲಕ್ಷ ಕಣಗಳು.

ಫಲಕವನ್ನು ಕ್ಯಾಮರಾದಲ್ಲಿ ಗಾಜಿನ ಬದಿ ಮುಂದಾಗಿ ಇಡಬೇಕಾಗಿತ್ತು. ಬೆಳಕು ಪಿಷ್ಟವನ್ನು ಹಾದು ಲೇಪವನ್ನು ಮುಟ್ಟುತ್ತಿತ್ತು. ಎದುರಿಗೆ ಕೆಂಪು ವಸ್ತ್ರವಿದ್ದರೆ ಕೆಂಪು ಕಣಗಳ ಹಿಂದಿನ ಲೇಪ ಮಾತ್ರ ಕಪ್ಪಾಗುತ್ತದೆ. ಆ ಕಪ್ಪು ಬೆಳ್ಳಿಯನ್ನು ರಾಸಾಯನಿಕದಿಂದ ಕರಗಿಸಿ, ಉಳಿದ ಲೇಪವನ್ನು ಬೆಳಕಿಗೆ ಒಡ್ಡಿ ಮತ್ತೊಮ್ಮೆ ಸಂಸ್ಕರಿಸಿದಾಗ ಹಸಿರು ಮತ್ತು ನೇರಳೆ ಕಣಗಳ ಹಿಂಬದಿ ಮುಚ್ಚಿಹೋಗುತ್ತದೆ, ಕೆಂಪು ಕಣಗಳು ತೆರೆದುಕೊಳ್ಳುತ್ತವೆ. ಹೀಗೆ ಚಿತ್ರ ತೆಗೆದ ಫಲಕವೇ ಅಂತಿಮ ಚಿತ್ರವೂ ಆಗುತ್ತಿತ್ತು. ನೆಗೆಟಿವ್ ಎಂಬುದು ಇರಲಿಲ್ಲ. ಪ್ರತಿಯೊಂದು ಆಟೋಕ್ರೋಮ್ ತಾಳೆಗರಿಯ ಪ್ರತಿಯೊಂದರಂತೆ ಏಕೈಕ, ಒಡೆದರೆ ಮತ್ತೊಂದಿಲ್ಲ.

ಕಣಗಳು ಯಾವ ಕ್ರಮವೂ ಇಲ್ಲದೆ ಬೆರೆತಿರುವುದರಿಂದ ಒಂದೇ ಬಣ್ಣದ ಹತ್ತಾರು ಕಣಗಳು ಅಲ್ಲಲ್ಲಿ ಗುಂಪಾಗುವುದು ಸಹಜ. ಬಿಡಿ ಕಣ ಕಣ್ಣಿಗೆ ಕಾಣದಿದ್ದರೂ ಈ ಗುಂಪುಗಳು ಕಾಣುತ್ತವೆ. ಹಿಂದಿನಿಂದ ಬೆಳಕು ಬಿದ್ದಾಗ ಚಿತ್ರದ ಉದ್ದಗಲಕ್ಕೂ ಬಣ್ಣ ಮಿನುಗಿದಂತೆ, ಕ್ಷಣಕ್ಷಣಕ್ಕೂ ಚಿಮ್ಮಿದಂತೆ ತೋರುವುದು ಇದರಿಂದಾಗಿಯೇ. ಈ ಮಿನುಗನ್ನು ಫ್ರಾನ್ಸಿನ ಬಿಂದುಚಿತ್ರಕಾರರ ಶೈಲಿಗೆ ಹೋಲಿಸುವ ವಾಡಿಕೆ ಇದೆ. ಹೋಲಿಕೆ ಆಕರ್ಷಕವಾಗಿದ್ದರೂ ಸಡಿಲವಾದುದು. ಚಿತ್ರಕಾರರು ಪ್ರತಿ ಬಿಂದುವನ್ನೂ ಆಯ್ದು ಇಟ್ಟರು. ಇಲ್ಲಿ ಬಿಂದುಗಳು ಬಿದ್ದಲ್ಲಿ ಬಿದ್ದವು.

1907ರ ಜೂನ್ 10ರಂದು ಪ್ಯಾರಿಸ್ಸಿನ ‘ಇಲ್ಲುಸ್ತ್ರಾಸಿಯೋ’ ಪತ್ರಿಕೆಯ ಕಚೇರಿಯಲ್ಲಿ ಆಟೋಕ್ರೋಮ್‌ಗಳ ಸಾರ್ವಜನಿಕ ಪ್ರದರ್ಶನ ನಡೆಯಿತು. ಆಗ ಪ್ಯಾರಿಸ್ಸಿನಲ್ಲಿದ್ದ ಎಡ್ವರ್ಡ್ ಸ್ಟೈಕನ್ ಅವರು ಕೂಡಲೇ ಫಲಕಗಳನ್ನು ಸಂಪಾದಿಸಿದರು. ಆಲ್ಫ್ರೆಡ್ ಸ್ಟೀಗ್ಲಿಟ್ಸ್ ಅವರು ಅದೇ ವರ್ಷ ನ್ಯೂಯಾರ್ಕಿನಲ್ಲಿ ಅವುಗಳನ್ನು ಪ್ರದರ್ಶಿಸಿದರು. ಕಲಾವಲಯದ ಈ ಉತ್ಸಾಹ ಹೆಚ್ಚು ಕಾಲ ಬಾಳಲಿಲ್ಲ. ಗೋಡೆಗೆ ತೂಗುಹಾಕಲಾಗದ, ಕಾಗದಕ್ಕೆ ಸುಲಭವಾಗಿ ಇಳಿಯದ, ಕೈಯಿಂದ ತಿದ್ದಲು ಆಸ್ಪದವಿಲ್ಲದ ಚಿತ್ರ ಅವರಿಗೆ ಬೇಡವಾಯಿತು. ಕಲಾವಿದರು ಬಿಟ್ಟುಕೊಟ್ಟ ಮಾಧ್ಯಮವನ್ನು ಮುಂದೆ ಕಾಲು ಶತಮಾನ ಉಳಿಸಿಕೊಂಡವರು ಬಹುಮಟ್ಟಿಗೆ ಹವ್ಯಾಸಿಗಳು. ಕಲಾಚರಿತ್ರೆಗಳಲ್ಲಿ ಆಟೋಕ್ರೋಮ್ ಒಂದೆರಡು ಪುಟಗಳಲ್ಲಿ ಮುಗಿದುಹೋಗುವುದಕ್ಕೂ ಇದಕ್ಕೂ ಸಂಬಂಧವಿರಬೇಕು.

ಈ ಹವ್ಯಾಸಿಗಳು ಬಡವರೇನಲ್ಲ. ಫಲಕ ದುಬಾರಿಯಾಗಿತ್ತು, ಬಿಡುವೂ ಕತ್ತಲ ಕೋಣೆಯೂ ಇರಬೇಕಾಗಿತ್ತು. ಆಕ್ಸ್‌ಫರ್ಡ್ ಸಮೀಪದ ಹೆಡಿಂಗ್ಟನ್ನಿನ ಎಥೆಲ್‌ಡ್ರೆಡಾ ಲೇಂಗ್ ಅವರು 1908ರಿಂದ ತಮ್ಮ ಮನೆಯ ತೋಟದಲ್ಲಿ ಹೆಣ್ಣುಮಕ್ಕಳಿಬ್ಬರ ಚಿತ್ರಗಳನ್ನು ತೆಗೆದರು. ರಷ್ಯಾದ ಕಥೆಗಾರ ಲಿಯೊನಿಡ್ ಆಂಡ್ರೆಯೆವ್ ಅವರು ತಮ್ಮನ್ನೂ ತಮ್ಮ ಕುಟುಂಬವನ್ನೂ ಆಟೋಕ್ರೋಮ್‌ನಲ್ಲಿ ದಾಖಲಿಸಿದರು. ಅವರ ಫಲಕಗಳಲ್ಲಿ ಹಲವು ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದಲ್ಲಿವೆ. ಇಬ್ಬರ ಚಿತ್ರಗಳಲ್ಲಿಯೂ ಜನರು ಕುಳಿತೋ ಒರಗಿಯೋ ಇರುತ್ತಾರೆ. ಪಿಷ್ಟದ ಪದರ ಬಿದ್ದ ಬೆಳಕಿನಲ್ಲಿ ಹತ್ತರಲ್ಲೊಂದು ಭಾಗವನ್ನಷ್ಟೇ ಬಿಡುತ್ತಿತ್ತು. ಮಸೂರಕ್ಕೆ ಹಳದಿ ಫಿಲ್ಟರನ್ನೂ ಹಾಕಬೇಕಾಗಿತ್ತು. ಬೇಸಿಗೆಯ ನಡುಹಗಲಿನಲ್ಲಿಯೂ ಒಂದು ಸೆಕೆಂಡಿನಷ್ಟು ಬೆಳಕು ಬೇಕು. ಮೋಡವಿದ್ದರೆ, ಮನೆಯೊಳಗಾದರೆ ಇನ್ನೂ ಬಹಳ. ಆದ್ದರಿಂದ ಈ ಚಿತ್ರಗಳ ಪ್ರಶಾಂತ ಭಾವವನ್ನು ಆ ಕಾಲದ ನೆಮ್ಮದಿಯ ಬದುಕಿಗೆ ಸಾಕ್ಷಿಯೆಂದು ಓದುವುದು ಸರಿಯಲ್ಲ. ಅದು ಫಲಕದ ಮಂದಗತಿಗೆ ಸಾಕ್ಷಿ.

ಇದನ್ನು ಜಾಕ್ ಆನ್ರಿ ಲಾರ್ತೀಗ್ ಅವರ ಉದಾಹರಣೆಯಷ್ಟು ಸ್ಪಷ್ಟವಾಗಿ ತೋರುವುದು ಬೇರೊಂದಿಲ್ಲ. 1894ರಲ್ಲಿ ಹುಟ್ಟಿ ಬಾಲ್ಯದಲ್ಲಿಯೇ ಕ್ಯಾಮರಾ ಹಿಡಿದ ಈ ಹವ್ಯಾಸಿಯ ಹೆಸರು ಕೇಳಿದೊಡನೆ ನೆನಪಾಗುವುದು ಓರೆಯಾದ ಚಕ್ರದ ಪಂದ್ಯದ ಕಾರು, ನೆಲ ಬಿಟ್ಟು ನೆಗೆದ ಸೋದರಸಂಬಂಧಿಗಳು, ಮೇಲೇಳುತ್ತಿರುವ ವಿಮಾನ. ಅವೆಲ್ಲ ಕಪ್ಪು ಬಿಳುಪು. ಅವರೇ 1912ರಿಂದ 1927ರವರೆಗೆ ಆಟೋಕ್ರೋಮ್‌ಗಳನ್ನೂ ತೆಗೆದರು. ಅಲ್ಲಿ ನೆಗೆತವಿಲ್ಲ, ಓಟವಿಲ್ಲ. ಹೂವು, ಕೊಡೆ, ಊಟದ ಮೇಜಿನ ಬಳಿ ಕುಳಿತ ಹೆಂಡತಿ ಇದ್ದಾರೆ. ಒಂದೇ ಕಣ್ಣು, ಒಂದೇ ಮನೆ, ಒಂದೇ ಕಾಲ. ಆದರೂ ಎರಡು ಪ್ರಪಂಚಗಳು. ಲಾರ್ತೀಗ್ ಅವರ ಬಣ್ಣದ ಫಲಕಗಳು ಮಾತ್ರ ಉಳಿದಿದ್ದರೆ ಇಪ್ಪತ್ತನೆಯ ಶತಮಾನದ ವೇಗಕ್ಕೆ ಮನಸೋತವರೆಂದು ಅವರನ್ನು ಯಾರೂ ಗುರುತಿಸುತ್ತಿರಲಿಲ್ಲ.

ಬಣ್ಣದ ಆಯ್ಕೆಯ ಪ್ರಶ್ನೆ ಇನ್ನೂ ಸೂಕ್ಷ್ಮವಾದುದು. ಆಟೋಕ್ರೋಮ್‌ಗಳ ಪೈಕಿ ಇಂದು ಹೆಚ್ಚು ಪರಿಚಿತವಾಗಿರುವುದು 1913ರಲ್ಲಿ ಇಂಗ್ಲೆಂಡಿನ ಡಾರ್ಸೆಟ್ ತೀರದ ಲಲ್‌ವರ್ತ್ ಕೋವ್‌ನಲ್ಲಿ ತೆಗೆದ ‘ಕ್ರಿಸ್ಟಿನಾ’ ಸರಣಿ. ಕೆಂಪು ಈಜುಡುಗೆ, ಕೆಂಪು ಮೇಲುಡುಪು ತೊಟ್ಟ ಹುಡುಗಿ ಮಂಕಾದ ಕಡಲಿನ ಮುಂದೆ ನಿಂತಿದ್ದಾಳೆ. ತೆಗೆದವರು ಮರ್ವಿನ್ ಓ’ಗೋರ್ಮನ್, ಫಾರ್ನ್‌ಬರೋದ ಸರ್ಕಾರಿ ವಿಮಾನ ಕಾರ್ಖಾನೆಯ ಮುಖ್ಯಾಧಿಕಾರಿ, ವೃತ್ತಿಯಿಂದ ಎಂಜಿನಿಯರ್. ಆಟೋಕ್ರೋಮ್‌ನಲ್ಲಿ ಕೆಂಪು ಚೆನ್ನಾಗಿ ಮೂಡುತ್ತದೆಂಬುದನ್ನು ಹವ್ಯಾಸಿಗಳು ಬೇಗ ಕಂಡುಕೊಂಡಿದ್ದರು. ಆದ್ದರಿಂದ ಕೆಂಪು ಶಾಲು, ಕೆಂಪು ಕೊಡೆ, ಗಸಗಸೆ ಹೂ ಈ ಫಲಕಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ. ಉಡುಪಿನ ಚರಿತ್ರೆ ಬರೆಯುವವರು ಈ ಫಲಕಗಳನ್ನು ಎಣಿಸಿ, 1910ರ ಸುಮಾರಿಗೆ ಕೆಂಪು ಜನಪ್ರಿಯವಾಗಿತ್ತೆಂದು ತೀರ್ಮಾನಿಸಿದರೆ ಅದು ದೊಡ್ಡ ಪ್ರಮಾದವಾಗುತ್ತದೆ. ಅಲ್ಲಿ ದಾಖಲಾಗಿರುವುದು ಬೀದಿಯ ಬಣ್ಣವಲ್ಲ, ಚಿತ್ರಕ್ಕಾಗಿ ಪೆಟ್ಟಿಗೆಯಿಂದ ತೆಗೆದ ಬಣ್ಣ.

ಇದೇ ಸರಣಿ ಇನ್ನೊಂದು ಪಾಠವನ್ನೂ ಕೊಡುತ್ತದೆ. ಆ ಹುಡುಗಿ ಓ’ಗೋರ್ಮನ್ ಅವರ ಮಗಳೆಂಬ ನಂಬಿಕೆ ಬಹುಕಾಲ ಪ್ರಚಾರದಲ್ಲಿತ್ತು. ಅವರಿಗೆ ಮಕ್ಕಳಿರಲಿಲ್ಲ. 2010ರ ದಶಕದಲ್ಲಿ ಬೇರೆ ಕೌಟುಂಬಿಕ ಚಿತ್ರಗಳು ಬೆಳಕಿಗೆ ಬಂದ ಮೇಲೆ ಆಕೆ ವಿದ್ವಾಂಸ ಎಡ್ವಿನ್ ಬೆವನ್ ಅವರ ಮಗಳೆಂಬುದು ತಿಳಿಯಿತು. ‘ಕೇಂಬ್ರಿಜ್ ಹಿಸ್ಟರಿ ಆಫ್ ಇಂಡಿಯಾ’ದ ಮೊದಲ ಸಂಪುಟದಲ್ಲಿ ಅಲೆಕ್ಸಾಂಡರನ ದಂಡಯಾತ್ರೆಯ ಅಧ್ಯಾಯವನ್ನು ಬರೆದ ಬೆವನ್ ಅವರೇ ಇವರು ಎಂಬುದು ಭಾರತೀಯ ಇತಿಹಾಸದ ಅಭ್ಯಾಸಿಗಳಿಗೆ ಕುತೂಹಲದ ಸಂಗತಿ. ಬಣ್ಣವಿರುವ ಚಿತ್ರ ಹತ್ತಿರದ್ದೆನಿಸುತ್ತದೆ. ಹತ್ತಿರದ್ದೆನಿಸಿದ್ದರಿಂದಲೇ ಅದರ ಬಗೆಗಿನ ಕಥೆಯನ್ನು ಪರಿಶೀಲಿಸದೆ ಒಪ್ಪಿಕೊಳ್ಳಲಾಯಿತು ಎನ್ನಬಹುದು.

ಮಂದಗತಿಯ ಫಲಕಕ್ಕೆ ಕ್ಷಣದ ಮಿಂಚನ್ನು ಕೂಡಿಸುವ ಪ್ರಯತ್ನಗಳೂ ನಡೆದವು. 1887ರಲ್ಲಿ ಜರ್ಮನಿಯ ಅಡಾಲ್ಫ್ ಮೀಥೆ ಮತ್ತು ಯೊಹಾನೆಸ್ ಗೇಡಿಕೆ ಅವರು ಮೆಗ್ನೀಸಿಯಮ್ ಪುಡಿಗೆ ಪೊಟ್ಯಾಸಿಯಮ್ ಕ್ಲೋರೇಟ್ ಮೊದಲಾದವನ್ನು ಬೆರೆಸಿ ಮಿಂಚುಪುಡಿಯನ್ನು ರೂಪಿಸಿದ್ದರು. ಅದೇ ಮೀಥೆ ಮುಂದೆ ತ್ರಿವರ್ಣ ಕ್ಯಾಮರಾವನ್ನು ಸುಧಾರಿಸಿ, ರಷ್ಯಾದ ಪ್ರೊಕುಡಿನ್ ಗೋರ್ಸ್ಕಿ ಅವರಿಗೆ ಗುರುಸ್ಥಾನದಲ್ಲಿದ್ದವರು. ಪುಡಿಯ ಬೆಳಕೂ ಆಟೋಕ್ರೋಮೂ ಸಂಧಿಸಿದ ಅಪರೂಪದ ಘಟನೆ 1926ರಲ್ಲಿ ಅಮೆರಿಕದ ಫ್ಲಾರಿಡಾ ಬಳಿಯ ಡ್ರೈ ಟಾರ್ಟುಗಸ್ ದ್ವೀಪಗಳಲ್ಲಿ ಸಂಭವಿಸಿತು. ಮತ್ಸ್ಯವಿಜ್ಞಾನಿ ವಿಲಿಯಂ ಲಾಂಗ್ಲಿ ಮತ್ತು ‘ನ್ಯಾಷನಲ್ ಜಿಯೊಗ್ರಾಫಿಕ್’ ಪತ್ರಿಕೆಯ ಚಾರ್ಲ್ಸ್ ಮಾರ್ಟಿನ್ ಅವರು ತೆಪ್ಪದ ಮೇಲೆ ಒಂದು ಪೌಂಡಿನಷ್ಟು ಮೆಗ್ನೀಸಿಯಮ್ ಪುಡಿಯನ್ನಿಟ್ಟು, ನೀರಿನೊಳಗಿನ ಕ್ಯಾಮರಾ ತೆರೆದಾಗಲೇ ಅದು ಸಿಡಿಯುವಂತೆ ಜೋಡಿಸಿ, ಹವಳದಿಬ್ಬದ ಮೀನುಗಳನ್ನು ಬಣ್ಣದಲ್ಲಿ ಸೆರೆಹಿಡಿದರು. ಆಟೋಕ್ರೋಮ್ ಫಲಕಗಳ ವೇಗವನ್ನು ಅದಕ್ಕಾಗಿ ವಿಶೇಷವಾಗಿ ಹೆಚ್ಚಿಸಲಾಗಿತ್ತು. ಒಮ್ಮೆ ಪುಡಿ ಮೊದಲೇ ಹೊತ್ತಿಕೊಂಡು ಲಾಂಗ್ಲಿ ಅವರಿಗೆ ಸುಟ್ಟಗಾಯಗಳಾದವು. ಚಿತ್ರಗಳು 1927ರ ಜನವರಿಯಲ್ಲಿ ಪ್ರಕಟವಾದವು. ಸಮುದ್ರದೊಳಗಿನ ಬಣ್ಣದ ಚಿತ್ರಗಳಲ್ಲಿ ಅವೇ ಮೊದಲಿನವೆಂದು ಪರಿಗಣಿತವಾಗಿವೆ. ಆದರೆ ಮನೆಯ ಹಜಾರದಲ್ಲಿ ಹವ್ಯಾಸಿ ಮಾಡಬಹುದಾದ ಕೆಲಸ ಇದಲ್ಲ. 1929-30ರ ಸುಮಾರಿಗೆ ಮಿಂಚುಬಲ್ಬು ಬರುವ ತನಕ ಬಣ್ಣವೂ ಕ್ಷಣವೂ ಸಾಮಾನ್ಯ ಹವ್ಯಾಸಿಯ ಪಾಲಿಗೆ ಬೇರೆ ಬೇರೆಯಾಗಿಯೇ ಉಳಿದವು.

ಭಾರತಕ್ಕೆ ಸಂಬಂಧಿಸಿದ ಆಟೋಕ್ರೋಮ್‌ಗಳ ಮಾತು ಬಂದಾಗ ಮೊದಲು ಉಲ್ಲೇಖವಾಗುವುದು ಫ್ರೆಂಚ್ ಬ್ಯಾಂಕರ್ ಆಲ್ಬೇರ್ ಕಾನ್ ಅವರ ಸಂಗ್ರಹ. ಜಗತ್ತಿನ ಜನಜೀವನವನ್ನು ದಾಖಲಿಸಲು ಅವರು ಕಳುಹಿಸಿದ ಛಾಯಾಗ್ರಾಹಕರು ಒಟ್ಟು ಸುಮಾರು 72,000 ಆಟೋಕ್ರೋಮ್‌ಗಳನ್ನು ತಂದರು. ಅವರಲ್ಲಿ ಸ್ತೇಫಾನ್ ಪಾಸ್ಸೆ 1913-14ರಲ್ಲಿ ಭಾರತಕ್ಕೆ ಬಂದವರು. ರೋಜೆ ದ್ಯುಮಾ 1927ರಲ್ಲಿ ಕಪೂರ್ತಲಾ ಸಂಸ್ಥಾನದ ಉತ್ಸವವನ್ನು ಚಿತ್ರಿಸಿದವರು. ಸಂಬಳಕ್ಕೆ ದುಡಿದ ಈ ವೃತ್ತಿಪರರ ಕಣ್ಣು ಪ್ರವಾಸಿಯ ಕಣ್ಣೂ ಹೌದು. ಘಾಟುಗಳು, ಬಜಾರುಗಳು, ಸಾಧುಗಳು, ಅರಮನೆಗಳು ಅದಕ್ಕೆ ಕಂಡವು.

ಭಾರತೀಯ ಹವ್ಯಾಸಿಯೊಬ್ಬರ ಕಣ್ಣು ಏನನ್ನು ಕಂಡಿತೆಂಬುದಕ್ಕೆ ಉಮ್ರಾವ್ ಸಿಂಗ್ ಶೇರ್‌ಗಿಲ್ (1870-1954) ಅವರತ್ತ ನೋಡಬೇಕು. ಪಂಜಾಬಿನ ಮಜೀಠಿಯಾ ಮನೆತನದ ಅವರು ಸಂಸ್ಕೃತ, ಪಾರಸಿ ಭಾಷೆಗಳಲ್ಲಿ ಪರಿಶ್ರಮವಿದ್ದ ವಿದ್ವಾಂಸರು. ಕಲಾವಿದೆ ಅಮೃತಾ ಶೇರ್‌ಗಿಲ್ ಅವರ ತಂದೆ. 1890ರ ದಶಕದಿಂದ ತಮ್ಮನ್ನೇ ವಿಷಯವಾಗಿಟ್ಟುಕೊಂಡು ಚಿತ್ರ ತೆಗೆಯುತ್ತಿದ್ದ ಅವರು 1912ರಲ್ಲಿ ಹಂಗೇರಿಯ ಮಾರಿ ಆಂಟ್ವನೆಟ್ ಅವರನ್ನು ವಿವಾಹವಾದ ಮೇಲೆ ಬುಡಾಪೆಸ್ಟ್, ಸಿಮ್ಲಾ, ಪ್ಯಾರಿಸ್‌ಗಳಲ್ಲಿ ಸಂಸಾರವನ್ನು ನಿರಂತರವಾಗಿ ದಾಖಲಿಸಿದರು. ಅದರಲ್ಲಿ ಸ್ಟೀರಿಯೋ ಚಿತ್ರಗಳೂ ಆಟೋಕ್ರೋಮ್‌ಗಳೂ ಇವೆ. ಇಲ್ಲಿ ಭಾರತೀಯ ಉಡುಪು ಮತ್ತು ಯುರೋಪಿನ ಪೀಠೋಪಕರಣ ಒಂದೇ ಚೌಕಟ್ಟಿನಲ್ಲಿರುತ್ತವೆ. ಯಾರೂ ‘ಮಾದರಿ’ಯಲ್ಲ, ಎಲ್ಲರಿಗೂ ಹೆಸರಿದೆ. ಕಾನ್ ಸಂಗ್ರಹದ ಭಾರತಕ್ಕೂ ಈ ಭಾರತಕ್ಕೂ ಇರುವ ಅಂತರ ತಂತ್ರಜ್ಞಾನದ್ದಲ್ಲ, ಫಲಕ ಒಂದೇ. ನೋಡುವವನು ನಿಂತ ಜಾಗದ್ದು. ಆದರೂ ಉಮ್ರಾವ್ ಸಿಂಗ್ ಅವರು ಬಹುಕಾಲ ‘ಅಮೃತಾ ಅವರ ತಂದೆ’ಯಾಗಿಯೇ ಉಳಿದರು. ಮೊಮ್ಮಗ, ಕಲಾವಿದ ವಿವಾನ್ ಸುಂದರಂ ಅವರು 2001-02ರಲ್ಲಿ ಆ ಕೌಟುಂಬಿಕ ಚಿತ್ರಗಳನ್ನು ಬೆಸೆದು ‘ರೀಟೇಕ್ ಆಫ್ ಅಮೃತಾ’ ಸರಣಿಯನ್ನು ರಚಿಸಿದ ನಂತರವೇ ಛಾಯಾಗ್ರಾಹಕರಾಗಿ ಅವರ ಹೆಸರು ವ್ಯಾಪಕವಾಗಿ ಕೇಳಿಬಂತು.

ಬಯಲುಸೀಮೆಯ ಹವೆಯಲ್ಲಿ ಈ ಮಾಧ್ಯಮ ಸುಲಭವಾಗಿರಲಿಲ್ಲವೆಂಬುದನ್ನು ಗಮನಿಸಬೇಕು. ಲೇಪಕ್ಕೆ ಆಧಾರವಾದ ಜೆಲಾಟಿನ್ ಬೆಚ್ಚನೆಯ ನೀರಿನಲ್ಲಿ ಮೆತ್ತಗಾಗಿ ಅಂಚಿನಿಂದ ಏಳುತ್ತದೆ. ಮಂಜುಗಡ್ಡೆ ದುರ್ಲಭವಾಗಿದ್ದ ಊರಿನಲ್ಲಿ ಏಪ್ರಿಲ್ ತಿಂಗಳಲ್ಲಿ ಫಲಕ ತೊಳೆಯುವುದು ಸಾಹಸವೇ ಸರಿ.

ಮೂರು ಬಣ್ಣಗಳಿಂದ ಎಲ್ಲ ಬಣ್ಣ ಎಂಬ ಆಟೋಕ್ರೋಮ್‌ನ ತಳಹದಿಯನ್ನೇ ಮುಂದೆ ಬೆಂಗಳೂರಿನಲ್ಲಿ ಒಬ್ಬರು ಪ್ರಶ್ನಿಸಿದರು. ಸರ್ ಸಿ. ವಿ. ರಾಮನ್ ಅವರು 1960ರ ದಶಕದಲ್ಲಿ ಹೂಗಳ ಬಣ್ಣ ಮತ್ತು ದೃಷ್ಟಿಯ ಕ್ರಿಯೆಯನ್ನು ಕುರಿತು ನಡೆಸಿದ ಅಧ್ಯಯನಗಳಲ್ಲಿ ಕಣ್ಣಿನ ತ್ರಿವರ್ಣ ಸಿದ್ಧಾಂತವನ್ನು ಒಪ್ಪಲಿಲ್ಲ. ವಿಜ್ಞಾನಲೋಕ ಅವರ ಪಕ್ಷವನ್ನು ಹಿಡಿಯಲಿಲ್ಲ. ಅಕ್ಷಿಪಟಲದ ಮೂರು ಬಗೆಯ ಶಂಕುಕೋಶಗಳು ಪ್ರಯೋಗಗಳಿಂದ ಸ್ಥಿರಪಟ್ಟಿವೆ. ಆದರೂ ಹೂವಿನ ಬಣ್ಣ ಕಣ್ಣಿಗೆ ಬೀಳುವ ಬಗೆಯನ್ನು ಪ್ರತ್ಯಕ್ಷವಾಗಿ ನೋಡಿಯೇ ತೀರ್ಮಾನಿಸಬೇಕೆಂಬ ಅವರ ಹಟಕ್ಕೆ ಆಟೋಕ್ರೋಮ್ ನೋಡುವವರ ಮಟ್ಟಿಗೆ ಬೆಲೆ ಇದೆ.

ಗಾಜಿನ ಆಟೋಕ್ರೋಮ್‌ನ ಕಾಲ 1930ರ ದಶಕದ ಆರಂಭದಲ್ಲಿ ಮುಗಿಯಿತು. ಲೂಮಿಯೇರ್ ಸಂಸ್ಥೆಯೇ ಅದೇ ಪಿಷ್ಟದ ತತ್ತ್ವವನ್ನು ಫಿಲ್ಮಿಗೆ ಅಳವಡಿಸಿತು. 1935ರಲ್ಲಿ ಬಂದ ಕೊಡಾಕ್ರೋಮ್ ಅದನ್ನೂ ಹಿಂದಕ್ಕೆ ಸರಿಸಿತು. ಅದನ್ನು ಕಂಡುಹಿಡಿದ ಲಿಯೊಪೋಲ್ಡ್ ಮ್ಯಾನಸ್ ಮತ್ತು ಲಿಯೊಪೋಲ್ಡ್ ಗೊಡೋಸ್ಕಿ ಸಂಗೀತಗಾರರು, ರಸಾಯನಶಾಸ್ತ್ರದ ಹವ್ಯಾಸಿಗಳು. ಆದರೆ ಹವ್ಯಾಸಿಗಳ ಈ ಕೊಡುಗೆ ಹವ್ಯಾಸಿಯ ಕತ್ತಲ ಕೋಣೆಯನ್ನು ಮುಚ್ಚಿಸಿತು. ಸಂಸ್ಕರಣ ಅತಿ ಜಟಿಲವಾದ್ದರಿಂದ ಫಿಲ್ಮನ್ನು ಕಾರ್ಖಾನೆಗೆ ಕಳುಹಿಸಬೇಕಾಗಿತ್ತು. ತನ್ನ ಬಣ್ಣವನ್ನು ತಾನೇ ತೊಳೆದು ತೆಗೆಯುತ್ತಿದ್ದವನು ಗುಂಡಿ ಒತ್ತುವವನಾದ. ಕೊಡಾಕ್ರೋಮ್‌ನ ತಯಾರಿಕೆಯೂ 2009ರಲ್ಲಿ ನಿಂತಿತು.

ಉಳಿದ ಫಲಕಗಳ ಸ್ಥಿತಿ ಇನ್ನೊಂದು ಬಗೆಯ ಸಂದಿಗ್ಧವನ್ನು ಒಡ್ಡುತ್ತದೆ. ಕಣಗಳಿಗೆ ಕಟ್ಟಿದ ವರ್ಣದ್ರವ್ಯಗಳು ಬೆಳಕಿನಲ್ಲಿ ಮಾಸುತ್ತವೆ. ಬೆಳಕಿಲ್ಲದೆ ಆಟೋಕ್ರೋಮ್ ಕಾಣದು; ಬೆಳಕು ಬಿದ್ದಷ್ಟೂ ಅದು ಸವೆಯುತ್ತದೆ. ನ್ಯೂಯಾರ್ಕಿನ ಮೆಟ್ರೋಪಾಲಿಟನ್ ವಸ್ತುಸಂಗ್ರಹಾಲಯ ಸ್ಟೀಗ್ಲಿಟ್ಸ್ ಮತ್ತು ಸ್ಟೈಕನ್ ಅವರ ಕೆಲವು ಮೂಲ ಫಲಕಗಳನ್ನು 2011ರ ಜನವರಿ ಕೊನೆಯಲ್ಲಿ ಕೆಲವೇ ದಿನಗಳ ಮಟ್ಟಿಗೆ, ಆಮ್ಲಜನಕ ಸೇರದ ಆವರಣದಲ್ಲಿಟ್ಟು ಪ್ರದರ್ಶಿಸಿತು. ಬೇರೆಡೆಗಳಲ್ಲಿ ಸಾಮಾನ್ಯವಾಗಿ ಪ್ರತಿಕೃತಿಗಳನ್ನೇ ತೋರಿಸಲಾಗುತ್ತದೆ. ಪ್ರತಿಕೃತಿಯಲ್ಲಿ ಆ ಮಿನುಗು ಬಾರದು. ತೇವ ಇನ್ನೊಬ್ಬ ಶತ್ರು. ಹಸಿರು ಕಣಗಳಿಗೆ ಬಳಸಿದ ವರ್ಣದ್ರವ್ಯಗಳಲ್ಲಿ ಒಂದು, ಇಂದಿಗೂ ಮಿಠಾಯಿಗಳಿಗೆ ಹಾಕುವ ಟಾರ್ಟ್ರಜೀನ್ ಎಂಬ ಹಳದಿ. ನೀರು ತಾಗಿದರೆ ಅದು ಹರಡಿ, ಚಿತ್ರದ ನಡುವೆ ಪಾಚಿಯಂತಹ ಹಸಿರು ಕಲೆಗಳು ಮೂಡುತ್ತವೆ.

ಗ್ರಂಥಾಲಯಗಳೂ ಮನೆತನದ ಸಂಗ್ರಹಗಳನ್ನು ಪಡೆಯುವ ಸಂಸ್ಥೆಗಳೂ ಗಮನಿಸಬೇಕಾದ ವ್ಯಾವಹಾರಿಕ ಅಂಶವೊಂದಿದೆ. ಮೇಜಿನ ಮೇಲಿಟ್ಟ ಆಟೋಕ್ರೋಮ್ ಕಪ್ಪಗೆ, ಕೆಟ್ಟುಹೋದ ನೆಗೆಟಿವ್‌ನಂತೆ ಕಾಣುತ್ತದೆ. ಎರಡು ಗಾಜುಗಳನ್ನು ಕೂಡಿಸಿ ಅಂಚಿಗೆ ಕಪ್ಪು ಕಾಗದದ ಪಟ್ಟಿ ಅಂಟಿಸಿದ ಫಲಕ ಹಳೆಯ ಪೆಟ್ಟಿಗೆಯಲ್ಲಿ ದೊರೆತಾಗ ಅದನ್ನು ಪಕ್ಕಕ್ಕೆ ಎಸೆಯದೆ, ಒರೆಸಲು ಒದ್ದೆ ಬಟ್ಟೆಯನ್ನೂ ಮುಟ್ಟಿಸದೆ, ಒಂದು ಬಿಳಿಯ ಕಾಗದದಿಂದ ಪ್ರತಿಫಲಿಸುವ ಮಂದ ಬೆಳಕಿಗೆ ಕೆಲವು ಕ್ಷಣ ಹಿಡಿದು, ದಪ್ಪನೆಯ ಭೂತಗನ್ನಡಿಯಿಂದ ನೋಡಿದರೆ ಸಾಕು. ಕಿತ್ತಳೆ, ಹಸಿರು, ನೇರಳೆಯ ಕಣಗಳ ಗುಂಪುಗಳು ಕಂಡುಬಂದರೆ ಅದನ್ನು ಕೂಡಲೇ ಕತ್ತಲೆಗೆ ಮರಳಿಸಿ, ನೆಟ್ಟಗೆ ನಿಲ್ಲಿಸಿ, ತೆಗೆದವರ ಹೆಸರನ್ನೂ ದೊರೆತ ಮನೆಯನ್ನೂ ಅದೇ ದಿನ ಬರೆದಿಡಬೇಕು.